ನಲವತ್ತೇಳನೇ ಜಾಗದ ಒರತೆ

ಪರಿಸರ ಇಲಾಖೆಯಲ್ಲಿ ಆರು ವರ್ಷದಿಂದ ಹಂಗಾಮಿಯಾಗಿದ್ದ ಸರ್ವೆಯವನ ನೌಕರಿ ಕಾಯಂ ಆಗಲು ಜಾಗಗಳ ಪಟ್ಟಿಯ ಒಂದೇ ಒಂದು ಖಾಲಿ ಅಂಕಣ ಅಡ್ಡವಾಗಿತ್ತು. ಊರಿನ ಒಳಹೊರಗಿನ ಬಯಲುಗಳನ್ನೆಲ್ಲ ಕರಾವಳಿ, ಜೌಗು, ಹುಲ್ಲುಗಾವಲು, ಕಾಡು ಎಂದು ವಿಂಗಡಿಸಿ ಮುಗಿಸಿದ್ದ. ಉಳಿದದ್ದು ನಲವತ್ತೇಳನೇ ಜಾಗ, ಅವನದೇ ಹಿತ್ತಿಲಿನಾಚೆಯ ಖಾಲಿ ಸೈಟು. ಹತ್ತಿರದ್ದನ್ನು ಕೊನೆಗೆ ಉಳಿಸಿಕೊಂಡದ್ದು ಸೋಮಾರಿತನದಿಂದಲ್ಲ, ಪಕ್ಷಪಾತ ಬರಬಾರದೆಂದು. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

"ಸಂಜೆ ಐದಕ್ಕೆ ಪಟ್ಟಿ ನನ್ನ ಮೇಜಿನ ಮೇಲಿರಬೇಕು ಕಣಯ್ಯ. ಇಲ್ಲಾಂದ್ರೆ ಇನ್ನೊಂದಾರು ವರ್ಷ ಹಂಗಾಮಿ," ಎಂದಿದ್ದರು ಸಾಹೇಬರು.

ಹೊರಡುವಾಗ ಹೆಂಡತಿ ಮನೆ ರಿಪೇರಿಯ ಬಗ್ಗೆ ಏನೋ ಕೂಗಿದಳು. ಪ್ರಕೃತಿಯನ್ನೇ ಉದ್ಧಾರ ಮಾಡಲು ಹೊರಟವನಿಗೆ ಇಂಥ ಚಿಲ್ಲರೆ ಮಾತು ಕೇಳಿಸುವುದುಂಟೆ?

ಇಲಾಖೆಯ ನಿಯಮ ಸರಳ: ಹೋದ ದಿನ ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಇದನ್ನವನು ಕ್ಷೌರದಂಗಡಿಯಲ್ಲಿ ಜಂಬದಿಂದ ಹೇಳಿದ್ದರಿಂದ ಇಡೀ ಬೀದಿಗೆ ಗೊತ್ತಾಗಿತ್ತು. ಸೈಟಿನಲ್ಲಿ ನಿವೃತ್ತ ಡ್ರಿಲ್ ಮಾಸ್ತರು ಹನ್ನೆರಡು ಹೂಕುಂಡಗಳನ್ನು ಸಾಲಾಗಿ ನಿಲ್ಲಿಸಿ ಕಾಯುತ್ತಿದ್ದರು.

"ಕಾಡು ಅಂತ ಬರ್ಕೊಳ್ಳಿ. ಇಲ್ಲಿ ಯಾರೂ ಮನೆ ಕಟ್ಟಬಾರದು, ನಮ್ಮನೆಗೆ ಗಾಳಿ ಬರ್ಬೇಕು."

"ಮಾಸ್ತರೇ, ಕಾಡು ಕುಂಡದಲ್ಲಿರುತ್ತಾ?"

"ಎಳೇ ಕಾಡು ಕಣ್ರೀ. ಬೆಳೀಲಿ ಬಿಡಿ!"

ಅಷ್ಟರಲ್ಲಿ ಪಕ್ಕದ ಹಲ್ಲಿನ ಡಾಕ್ಟರು ಎರಡು ಗಾಡಿ ಮರಳು ಸುರಿಸಿದರು. "ಇದು ಕರಾವಳಿ. ಕಡಲ ಕಡೆ ಮುಖ ಮಾಡಿರೋ ಆಸ್ಪತ್ರೆ ಅಂತ ಬೋರ್ಡ್ ಹಾಕಿಸ್ತೀನಿ."

"ಕಡಲೆಲ್ಲಿ ಡಾಕ್ಟ್ರೇ?"

"ಅದನ್ನ ನಿಮ್ಮ ಇಲಾಖೆ ನೋಡ್ಕೋಬೇಕಪ್ಪ."

ಇಬ್ಬರ ಜಗಳದಿಂದ ತಪ್ಪಿಸಿಕೊಳ್ಳಲು ನಾಲ್ಕು ಹೆಜ್ಜೆ ಹಿಂದೆ ಸರಿದವನು ಮೊಣಕಾಲವರೆಗೆ ಕೆಸರಿನಲ್ಲಿ ಹೂತುಹೋದ. ಕಪ್ಪೆಯೊಂದು ಹಾರಿತು. ನೀರಲ್ಲಿ ಬೆಳೆಯುವ ಆಪಿನ ಹುಲ್ಲಿನ ನಡುವೆ ಒಂದು ಬೆಳ್ಳಕ್ಕಿ, ಬಾಡಿಗೆ ಕೇಳಲು ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿತು. ಅವನಿಗೆ ಆನಂದದಿಂದ ಕಣ್ಣು ತುಂಬಿತು. ಜೌಗು! ಅಪ್ಪಟ ಜೌಗು! 'ನೀರಿನ ಮೂಲ' ಎಂಬಲ್ಲಿ 'ಸ್ವಾಭಾವಿಕ ಒರತೆ, ವರ್ಷವಿಡೀ ಬತ್ತುವುದಿಲ್ಲ' ಎಂದು ಬರೆದು, ಸಹಿ ಜಡಿದು, ಒಂದೇ ಚಪ್ಪಲಿಯಲ್ಲಿ ಕಚೇರಿಗೆ ಓಡಿದ.

ಸಾಹೇಬರು ಕುರ್ಚಿಯಿಂದೆದ್ದೇ ಬಿಟ್ಟರು. "ಭಲೇ! ಊರೊಳಗಿರೋ ಜೌಗು ಇದೊಂದೇ ಕಣಯ್ಯ. ನಾಳೆ ಹತ್ತಕ್ಕೆ ನಿರ್ದೇಶಕರನ್ನ ಕರ್ಕೊಂಡು ಬರ್ತೀನಿ. ಆ ನೀರಿನ ಪಕ್ಕದಲ್ಲೇ ನಿನ್ನ ಕಾಯಂ ಆದೇಶ. ಆಮೇಲೆ ತಿಂಗಳು ತಿಂಗಳು ತಪಾಸಣೆ."

ಅವನು ನೆಲದ ಮೇಲೆ ಕಾಲೂರದೆ ಮನೆಗೆ ಬಂದ. ಹೆಂಡತಿಯ ಮುಖವೂ ಅರಳಿತ್ತು.

"ಒಂದು ವರ್ಷದಿಂದ ಹಿತ್ತಿಲ ಪೈಪು ಸೋರ್ತಿದೆ, ನೀರೆಲ್ಲ ಆಚೆ ಸೈಟಿಗೆ ಹೋಗ್ತಿದೆ ಅಂತ ಬಡ್ಕೊಂಡೆ. ನೀವೆಲ್ಲಿ ಕೇಳ್ತೀರಾ? ನಿಮ್ಮ ಕೆಲಸ ಕಾಯಂ ಆಗೋ ಶುಭ ದಿನ ಅಂತ ನಾನೇ ಪ್ಲಂಬರ್‌ನ ಕರೆಸಿ ಸರಿ ಮಾಡಿಸಿದೆ. ಇನ್ನು ಒಂದು ಹನಿ ಆಚೆ ಹೋಗಲ್ಲ. ಆ ಪೈಪ್ ಮುಟ್ಟಿದ್ರೋ, ನಾನು ತವರಿಗೆ ಹೊರಟೆ ಅಂತಲೇ ತಿಳ್ಕೊಳ್ಳಿ!"

ಅವನು ಹಿತ್ತಿಲಿಗೆ ಹಾರಿದ. ಆಚೆ ಸೈಟಿನಲ್ಲಿ ಉಳಿದಿದ್ದ ನೀರನ್ನು ಡಾಕ್ಟರ ಮರಳು ಹೀರಿ ಮುಗಿಸಿತ್ತು. ಬೆಳ್ಳಕ್ಕಿ ಜಾಗ ಖಾಲಿ ಮಾಡಿತ್ತು.

ಹೊತ್ತು ಇಳಿಯುವಾಗ ಅವನು ಮೂವತ್ತೊಂದನೇ ಬಕೆಟ್ ಸುರಿಯುತ್ತಿದ್ದ. ಜೌಗಾದರೂ ಇಲ್ಲಿ ಯಾರೂ ಮನೆ ಕಟ್ಟುವಂತಿಲ್ಲವೆಂದು ತಿಳಿದ ಮಾಸ್ತರು ಗೋಡೆಯ ಮೇಲೆ ಕೂತು ಹುರುಪಿನಿಂದ ಕೂಗುತ್ತಿದ್ದರು: "ಎಡ, ಬಲ! ಎಡ, ಬಲ! ಚೆಲ್ಬೇಡಿ!"

ನೌಕರಿಯ ಮಾತು ನಾಳೆಗಿರಲಿ, ನೀರು ಹೊರುವ ಕೆಲಸವಂತೂ ಅಂದೇ ಕಾಯಂ ಆಯಿತು.