ಹರಿಹರದ ಗಾಡಿ ಮತ್ತು ತಡದ ರಿಜಿಸ್ಟರು

ನಯಾಪೈಸೆ ಹೊಸದಾಗಿ ಬಂದ ಕಾಲದಲ್ಲಿ ನಾನು ದಾವಣಗೆರೆಯಿಂದ ಹರಿಹರದ ಕಚೇರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅದೇ ಗಾಡಿ, ಅದೇ ಡಬ್ಬಿ, ಅದೇ ಮುಖಗಳು. ದಿನಾ ಒಂದೇ ರೀತಿ ನಡೆಯುವ ಕಡೆಯಲ್ಲೇ ವಿಚಿತ್ರಗಳು ನಡೆಯುತ್ತವೆ. ಬೇರೆ ಕಡೆ ಅವಕ್ಕೆ ಪುರುಸೊತ್ತು ಸಿಗುವುದಿಲ್ಲವೆಂದು ಕಾಣುತ್ತದೆ.

ಖಾಲಿ ಜಾಗ

ನಮ್ಮ ಡಬ್ಬಿಯಲ್ಲಿ ಪಾಸು ಇದ್ದವರಿಗೆಲ್ಲ ಒಂದೊಂದು ಜಾಗ ಖಾಯಂ. ರೈಲ್ವೆಯವರಿಗೆ ಇದು ಗೊತ್ತಿರಲಿಲ್ಲ. ಅವರು ಕೇಳಿಯೂ ಇರಲಿಲ್ಲ. ಒಂದು ದಿನ ಮಂಡಿಪೇಟೆಯ ಸಾಹುಕಾರರೊಬ್ಬರು ಹತ್ತಿ ಕಿಟಕಿ ಪಕ್ಕ ಕೂತರು. ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ಕೆಮ್ಮಿದರು.

"ಸಾವ್ಕಾರ್ರೇ, ಅಲ್ಲಿ ಕೂಡಬ್ಯಾಡ್ರಿ. ಅದು ಪೋಸ್ಟ್ ಮಾಸ್ತರ ಜಾಗ."

"ಎಲ್ಲದಾರೆ ಅವರು?"

"ರಿಟೈರಾಗಿ ಎರಡು ವರ್ಷ ಆತು. ಮನೇಲದಾರೆ."

"ಮತ್ತೆ ನಾನ್ಯಾಕ ಏಳಬೇಕ್ರಿ?"

"ಬೇಜಾರಾದ್ರೆ ಬರ್ತೀನಿ ಅಂದಾರ್ರಿ."

ಸಾಹುಕಾರರು ಹರಿಹರದವರೆಗೆ ನಿಂತೇ ಬಂದರು. ಜಾಗ ಆರಾಮಾಗಿ ಕೂತು ಬಂತು.

ಕಾರಣದ ಕಾಲಂ

ಕಚೇರಿಗೆ ಹೊಸ ಸಾಹೇಬರು ಬಂದರು. ತಡವಾದವರ ಹೆಸರಿನ ಮುಂದೆ ಕೆಂಪು ಗೆರೆ. ಮೂರು ಗೆರೆಗೆ ಒಂದು ದಿನದ ರಜೆ ಖೋತಾ. ಆದರೆ ಗಾಡಿಯೇ ತಡವಾದರೆ, ಪಾಸು ಇದ್ದವರಿಗೆ ಮಾಫಿ. ರಿಜಿಸ್ಟರಿನಲ್ಲಿ "ಗಾಡಿ ತಡ" ಎಂದು ಬರೆದು ಸಹಿ ಹಾಕಿದರೆ ಸಾಕು.

ಒಂದು ಬೆಳಿಗ್ಗೆ ನಾನೇ ತಡವಾದೆ. ಚಪ್ಪಲಿ ಕೈಲಿ ಹಿಡಿದು ಓಡಿ ಬಂದರೆ ಗಾಡಿ ಇನ್ನೂ ನಿಂತಿದೆ! ಗಾರ್ಡು ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಗದರಿದ: "ಎಷ್ಟೊತ್ತು ಕಾಯೋದ್ರಿ ನಿಮಗೆ? ನಿಮ್ಮ ಮೇಷ್ಟ್ರು ಬಾವುಟ ಎತ್ತೋಕೇ ಬಿಡವಲ್ರು!"

ಅಂದೂ "ಗಾಡಿ ತಡ" ಎಂದೇ ಬರೆದೆ. ಯಾರಿಂದ ತಡ ಎಂದು ಬರೆಯಲು ಕಾಲಂ ಇರಲಿಲ್ಲ.

ಗಾಡಿ ಹತ್ತದ ಪ್ರಯಾಣಿಕ

ಈ ಮಾಫಿ ಕಂಡು ಹೊಟ್ಟೆ ಉರಿದುಕೊಂಡವರು ನಮ್ಮ ರೆಕಾರ್ಡ್ ಗುಮಾಸ್ತರು. ಅವರ ಮನೆ ಕಚೇರಿಯ ಹಿತ್ತಲಿಗೆ ಅಂಟಿಕೊಂಡೇ ಇತ್ತು. ಹಾಗಾಗಿ ದಿನಾ ತಡ. ಹೆಂಡತಿಯನ್ನು ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದರು; ರಜೆಯೆಲ್ಲ ಕೆಂಪು ಗೆರೆಗೆ ಹೋಗಿ ಒಂದೇ ದಿನ ಉಳಿದಿತ್ತು. ಅದರ ತಲೆಯ ಮೇಲೂ ಆಗಲೇ ಎರಡು ಗೆರೆ. "ಅದೂ ಹೋದ್ರೆ ನೀವು ಕಚೇರಿಯಾಗೇ ಮಲಗ್ರಿ" ಎಂದು ಆಕೆ ಹಿತ್ತಲಿನಿಂದ ಹೇಳಿದ್ದು ಕಚೇರಿಗೆಲ್ಲ ಕೇಳಿತ್ತು.

ಗುಮಾಸ್ತರು ದಾವಣಗೆರೆ-ಹರಿಹರದ ಪಾಸು ಮಾಡಿಸಿದರು. ಪಾಸು ಬಂದ ಮೇಲೆ ಜಾಗ ಬೇಕಲ್ಲ. ಮೇಷ್ಟ್ರು ಅವರಿಗೂ ಒಂದು ಗೊತ್ತುಮಾಡಿದರು. ದಿನಾ ಅದೂ ಖಾಲಿ ಬಂತು.

"ನಿಮ್ಮ ಮನೆ ಇಲ್ಲೇ ಐತಲ್ರಿ?" ಎಂದರು ಸಾಹೇಬರು, ರಿಜಿಸ್ಟರಿನಲ್ಲಿ ಅವರ "ಗಾಡಿ ತಡ" ನೋಡಿ.

"ಐತ್ರಿ ಸಾಹೇಬ್ರ. ಆದ್ರೆ ನಾನು ಪಾಸಿನೋನು."

ಸಾಹೇಬರು ತಮ್ಮ ನಿಯಮ ತಾವೇ ಓದಿದರು. "ಪಾಸು ಇದ್ದವರಿಗೆ" ಎಂದಿತ್ತು. "ಗಾಡಿ ಹತ್ತಿದವರಿಗೆ" ಎಂದಿರಲಿಲ್ಲ.

ಗಾಡಿ ಯಾವತ್ತೂ ಅರ್ಧ ಗಂಟೆ ತಡ. ಗುಮಾಸ್ತರು ನಿಧಾನವಾಗಿ ಸ್ನಾನ ಮಾಡಿ, ನಿಧಾನವಾಗಿ ರೊಟ್ಟಿ ತಿಂದು, ನಾವು ಬರುವ ಹೊತ್ತಿಗೆ ರಸ್ತೆಯ ಮೂಲೆಯಲ್ಲಿ ನಮ್ಮ ಗುಂಪಿಗೆ ಸೇರುತ್ತಿದ್ದರು. ಪ್ರಯಾಣದ ಆಯಾಸ ಅವರ ಮುಖದಲ್ಲೇ ಹೆಚ್ಚು ಕಾಣುತ್ತಿತ್ತು.

ಒಂದು ಸೋಮವಾರ ಗಾಡಿ ಸಮಯಕ್ಕೆ ಸರಿಯಾಗಿ ಬಂತು. ನಾವು ಗಾಬರಿಯಾಗಿ, ಬೋರ್ಡು ಓದಿ, ಇದು ಹರಿಹರವೇ ಎಂದು ಖಾತ್ರಿ ಮಾಡಿಕೊಂಡು ಇಳಿದೆವು. ಗುಮಾಸ್ತರು ಎಂದಿನ ಹೊತ್ತಿಗೆ ಮೂಲೆಗೆ ಬಂದು, ನಮಗಾಗಿ ಇನ್ನರ್ಧ ಗಂಟೆ ಕಾದು, ಕೊನೆಗೆ ಒಬ್ಬರೇ ಒಳಗೆ ಬಂದರು. ನಾವೆಲ್ಲ ಮೇಜಿನ ಮುಂದೆ ಕೂತಿದ್ದೆವು.

ಸಾಹೇಬರು ಕೆಂಪು ಪೆನ್ನು ತೆರೆದರು. "ಇವತ್ತು ಯಾಕ್ರಿ ತಡ?"

"ಗಾಡಿ ಟೈಮಿಗೆ ಬಂದುಬಿಡ್ತು ಸಾಹೇಬ್ರ. ಮೊದ್ಲೇ ತಿಳಿಸಿದ್ರೆ ನಾನೂ ಬರ್ತಿದ್ದೆ."

ಪೆನ್ನು ಗಾಳಿಯಲ್ಲೇ ನಿಂತಿತು. ಗಾಡಿ ತಡವಾದರೆ ಏನು ಮಾಡಬೇಕೆಂದು ನಿಯಮವಿತ್ತು. ಸಮಯಕ್ಕೆ ಬಂದರೆ ಏನೆಂದು ಯಾರೂ ಯೋಚಿಸಿರಲಿಲ್ಲ. ಸಾಹೇಬರು ನಮ್ಮತ್ತ ತಿರುಗಿದರು.

"ಈ ವರ್ಷ ಎಷ್ಟು ಸಲ ಹಿಂಗೆ ಬಂದೈತ್ರಿ?"

"ಇದೇ ಮೊದ್ಲು ಸಾಹೇಬ್ರ."

ಪೆನ್ನು ಮುಚ್ಚಿತು. "ಹೋಗ್ರಿ, ಉಕ್ಕಡಗಾತ್ರಿಗೆ ಹೋಗಿಬರ್ರಿ. ಆದ್ರೆ ಇನ್ನೊಮ್ಮೆ ಹಿಂಗಾಗಬಾರದು."

ಗುಮಾಸ್ತರು ಕೈಮುಗಿದರು. "ನನಗ್ಯಾಕ ಹೇಳ್ತೀರಿ ಸಾಹೇಬ್ರ? ಸ್ಟೇಷನ್ ಮಾಸ್ತರಿಗೆ ಹೇಳ್ರಿ."