ನಗುವುದಕ್ಕೊಂದು ದಿಂಬು

ಯಾವ ಮನೆಯಲ್ಲಿ ನಗಬಾರದೆಂಬ ಕಟ್ಟಪ್ಪಣೆ ಇರುತ್ತದೆಯೋ, ನಗೆ ತರಿಸುವ ಸಂಗತಿಗಳು ಆ ಮನೆಯ ವಿಳಾಸವನ್ನೇ ಕೇಳಿಕೊಂಡು ಬರುತ್ತವೆ. ಹಾನಗಲ್ಲಿನ ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಿ ಮಗಳನ್ನು ಹೆತ್ತು, ಬಾಣಂತನಕ್ಕೆಂದು ಹಂಸಭಾವಿಯ ತವರಿಗೆ ಬಂದ ನನಗೆ ಅನುಭವದಿಂದ ಮನದಟ್ಟಾದ ಸತ್ಯವಿದು. ಕನ್ನಡ ಎಂ.ಎ.ಗಾಗಿ ನಾನು ಅಬಲೂರಿನ ಸುತ್ತಮುತ್ತ ತಿರುಗಿ ನಗೆಗತೆಗಳನ್ನು ಸಂಗ್ರಹಿಸಿದವಳು. ಜನಪದರ ಬಾಳಿನಲ್ಲಿ ನಗೆಯ ಪಾತ್ರವೇನು ಎಂಬುದನ್ನು ಕುರಿತು ಎಂಬತ್ತು ಪುಟ ಬರೆದವಳು. ನಗುವುದಕ್ಕೆ ಮೊದಲು ಬೇಕಾದದ್ದು ಹೊಟ್ಟೆ ಎಂಬ ಸರಳ ಸಂಗತಿ ಆ ಎಂಬತ್ತು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.

೧. ಹುಂಜ ಬಂಕಾಪುರದಲ್ಲಿ ಇಳಿದದ್ದು

ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಮೂವತ್ತು ವರ್ಷ ಶಿಗ್ಗಾಂವಿ, ಹಾನಗಲ್, ಹಿರೇಕೆರೂರುಗಳ ನಡುವೆ ಓಡಾಡಿ, ನಿವೃತ್ತಿಯ ದಿನ ಚೀಲವನ್ನು ಡಿಪೋಗೆ ಒಪ್ಪಿಸಿ, ಕತೆಗಳನ್ನು ಮಾತ್ರ ಮನೆಗೆ ತಂದವರು. ಹೆರಿಗೆಯ ಮೂರನೆಯ ದಿನ ಆಸ್ಪತ್ರೆಯಲ್ಲಿ ನನ್ನ ಮೋರೆ ಸಪ್ಪಗಿದ್ದುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ.

“ಯವ್ವಾ, ಒಂದ್ಸಲ ಶಿಗ್ಗಾಂವಿ ಸ್ಟ್ಯಾಂಡಿನಾಗ ಒಬ್ಬ ಅಜ್ಜ ಚೀಲ ಹಿಡಕೊಂಡು ಬಸ್ ಹತ್ತಿದ. ಚೀಲದಾಗ ಏನೈತೋ ಅಜ್ಜ ಅಂದೆ. ಬದನಿಕಾಯಿ ಅಂದ. ಬಂಕಾಪುರಕ್ಕ ಬಂದ್ವಿ ನೋಡು, ಬದನಿಕಾಯಿ ಕೂಗಾಕ ಹತ್ತಿತು, ಕೊಕ್ಕೊಕ್ಕೋ ಅಂತ!”

ನಾನು ನಕ್ಕೆ. ಮರುಕ್ಷಣದಲ್ಲೇ ಹೊಟ್ಟೆಯನ್ನು ಯಾರೋ ಎರಡೂ ಕಡೆಯಿಂದ ಹಿಡಿದು ಎಳೆದಂತಾಗಿ ಕಿರುಚಿದೆ. ನರ್ಸ್ ಓಡಿ ಬಂದರು. ಹೊಲಿಗೆಗೆ ಏನೂ ಆಗಿರಲಿಲ್ಲ. ಒಂದು ದಿಂಬನ್ನು ನನ್ನ ಕೈಗೆ ಕೊಟ್ಟು, “ಕೆಮ್ಮುವಾಗ, ಸೀನುವಾಗ, ನಗುವಾಗ ಇದನ್ನ ಹೊಟ್ಟಿಗೆ ಒತ್ತಿ ಹಿಡೀರಿ” ಎಂದರು. ಅಪ್ಪನ ಮೋರೆ ಬಿಳಿಚಿತ್ತು. ಅವ್ವ ಅಲ್ಲಿಯೇ ತೀರ್ಪು ಕೊಟ್ಟಳು:

“ಇವತ್ತಿನಿಂದ ನಮ್ಮನ್ಯಾಗ ನಗಿ ಬಂದ್. ಇಕಿ ಹೊಟ್ಟಿ ಗಟ್ಟಿ ಆಗೂ ತನಕ ನಿಮ್ಮ ಬಾಯಿಗೆ ಬೀಗ.”

“ಇನ್ನ ಒಂದ ಮಾತು ಉಳದೈತಿ. ಅಜ್ಜ ಏನಂದ ಅನ್ನೂದಷ್ಟ ಹೇಳಿಬಿಡ್ತೇನಿ…”

“ಬ್ಯಾಡ! ನಿಮ್ಮ ಹುಂಜ ಬಂಕಾಪುರದಾಗ ಇಳೀಲಿ!”

೨. ಫೋನಿನಾಕಿ

ಆಸ್ಪತ್ರೆಯಿಂದ ಹೊರಡುವ ಮುನ್ನ, ವ್ಯಾಯಾಮ ಹೇಳಿಕೊಡುವ ಮೇಡಂ ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಮಲಗಿ, ಫೋನನ್ನು ಹೊಕ್ಕುಳಿನ ಮೇಲ್ಭಾಗದಲ್ಲಿ ಇಟ್ಟುಕೊಂಡರೆ ಒಂದು ಹೆಣ್ಣುದನಿ ಕನ್ನಡದಲ್ಲಿ ಉಸಿರಾಟ ಹೇಳಿಕೊಡುತ್ತಿತ್ತು. ಹೊಟ್ಟೆಯ ಏರಿಳಿತವನ್ನು ಫೋನೇ ಅಳೆದು ಗೆರೆಯಾಗಿ ಬರೆದುಕೊಳ್ಳುತ್ತಿತ್ತು. ದಿನದ ಅಭ್ಯಾಸ ಮುಗಿದರೆ ಒಂದು ಹಸಿರು ಚುಕ್ಕಿ. ಚುಕ್ಕಿಗೆ ಚುಕ್ಕಿ ಕೂಡಿ ಸರಪಳಿ. ಆರು ವಾರಗಳ ನಂತರ ಮೇಡಂ ಅದನ್ನು ನೋಡಿ ಮುಂದಿನದನ್ನು ತೀರ್ಮಾನಿಸುವವರು.

ಮನೆಯಲ್ಲಿ ನಿಜಕ್ಕೂ ನಗೆ ನಿಂತುಹೋಗಿತ್ತು. ಅಪ್ಪ ತಮ್ಮ ಕತೆಗಳನ್ನೆಲ್ಲ ಎದುರುಮನೆಯ ಕಟ್ಟೆಗೆ ಸಾಗಿಸಿದ್ದರು. ಅಲ್ಲಿ ನಾಲ್ಕು ಜನ ಗೊಳ್ಳೆಂದು ನಗುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಒಳಬರುವಾಗ ಅಪ್ಪ ಚಪ್ಪಲಿಯೊಂದಿಗೆ ನಗುವನ್ನೂ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದರು. ಹೀಗಾಗಿ ನನಗೆ ಬೇಕಿದ್ದುದು ಚಪ್ಪಟೆಯಾದ ಹೊಟ್ಟೆಯಲ್ಲ. ಆ ಹುಂಜದ ಕತೆಯ ಕೊನೆ. ಅದಕ್ಕಾಗಿ ದಿನಕ್ಕೆ ಎರಡು ಬಾರಿ ಉಸಿರೆಳೆದುಕೊಳ್ಳಲು ನಾನು ಸಿದ್ಧಳಿದ್ದೆ.

ಮೊದಲ ಅಡ್ಡಿ ಬಂದದ್ದು ಕೂಸಿಗೂ ನನಗೂ ಎರೆಯಲು ಬರುವ ಅಜ್ಜಿಯಿಂದ. ಸ್ನಾನವಾದೊಡನೆ ಹಳೆಯ ನೂಲಿನ ಸೀರೆಯಿಂದ ನನ್ನ ಹೊಟ್ಟೆ ಕಟ್ಟುವುದು ಆಕೆಯ ಪದ್ಧತಿ. ಫೋನು “ಹೊಟ್ಟೆ ಮೆಲ್ಲನೆ ಉಬ್ಬಲಿ” ಎನ್ನುವುದು, ಅಜ್ಜಿಯ ಗಂಟು ಬಿಡದಿರುವುದು, ಫೋನು “ನಿಮ್ಮ ಉಸಿರಾಟ ದಾಖಲಾಗಿಲ್ಲ” ಎನ್ನುವುದು. ಮೂರನೆಯ ಸಲಕ್ಕೆ ಅಜ್ಜಿಯನ್ನು ಕೇಳಿಕೊಂಡೆ:

“ಅಜ್ಜಿ, ಸ್ವಲ್ಪ ಸಡ್ಲ ಮಾಡಬೇ. ಫೋನಿನಾಗಿನಾಕಿ ಹೊಟ್ಟಿ ಉಬ್ಬಸು ಅನ್ನಾಕತ್ತಾಳ.”

ಅಜ್ಜಿ ಫೋನಿನ ಮೇಲೆ ಬಾಗಿದಳು. “ಯಾವೂರಾಕಿ ನೀನು?”

“ತುಂಬಾ ಚೆನ್ನಾಗಿ ಮಾಡುತ್ತಿದ್ದೀರಿ” ಎಂದಿತು ಫೋನು.

“ಊರು ಕೇಳಿದ್ರ ಹೇಳಂಗಿಲ್ಲ. ಹೋಗ್ಲಿ, ಎಷ್ಟು ಹಡದಿ ಅದನ್ನರ ಹೇಳು.” ಫೋನು ಸುಮ್ಮನಾಯಿತು. ಅಜ್ಜಿ ನನ್ನತ್ತ ತಿರುಗಿದಳು: “ನೋಡಿದಿ? ಒಂದೂ ಹಡದಿಲ್ಲ. ಹನ್ನೊಂದು ಹಡದಾಕಿ ನಾನು ಇಲ್ಲೆ ಕುಂತೇನಿ, ನೀ ಆಕಿ ಮಾತು ಕೇಳ್ತಿ!”

ಕೊನೆಗೆ ಒಪ್ಪಂದವಾಯಿತು. ಕಟ್ಟುವ ಮೊದಲು ಐದು ನಿಮಿಷ ಫೋನಿನಾಕಿಗೆ, ಆಮೇಲೆ ಅಜ್ಜಿಗೆ. ಅದೂ ಮೊದಲಿನಷ್ಟು ಬಿಗಿಯಲ್ಲ. ಬಗ್ಗದ ಸೊಂಟವನ್ನು ಬಗ್ಗಿಸಿಕೊಂಡು ದಿನವೂ ನಮ್ಮಿಬ್ಬರಿಗೆ ಬಿಸಿನೀರು ಹೊಯ್ದ ಆ ಕೈಗಳ ಋಣ ದೊಡ್ಡದು. ಒಂದು ದಿನ ಫೋನಿನ ಸ್ಪೀಕರಿಗೆ ನೀರು ಸಿಡಿದು, ಆ ಹೊತ್ತಿನ ಮಟ್ಟಿಗೆ ದನಿ ಗೊರಗೊರ ಎನ್ನತೊಡಗಿತು. ಅಜ್ಜಿ ಕಿವಿಗೊಟ್ಟು ಕೇಳಿ, ಒಳಗಿದ್ದ ಅವ್ವನಿಗೆ ಕೂಗಿ ಹೇಳಿದಳು:

“ಈಕಿ ಗಂಟ್ಲ ಕಟ್ಟೈತಿ ನೋಡವಾ. ದಿನಾ ಎರಡ ಹೊತ್ತು ಎಳಿ-ಬಿಡು ಎಳಿ-ಬಿಡು ಅಂತ ಒದರಿದ್ರ ಏನಾಕ್ಕೈತಿ ಮತ್ತ? ಅಜವಾನ ಕಷಾಯ ಇಡಾಕತ್ತಿದ್ರ ಈಕಿಗೂ ಒಂದು ಲೋಟ ಇಡು.”

ಅಜ್ಜಿ ನಿಜವಾಗಿ ನಂಬಿದ್ದಳೋ ನನ್ನನ್ನು ಕಾಡಿದ್ದಳೋ ಇಂದಿಗೂ ತಿಳಿಯದು. ನಾನು ಮಾತ್ರ ದಿಂಬು ಹುಡುಕಿದೆ.

೩. ಸವಣೂರಿನ ಕೂಸು

ಕೂಸನ್ನು ನೋಡಲು ಗಂಡನ ಊರಾದ ಸವಣೂರಿನಿಂದ ನಮ್ಮ ಅತ್ತೆಯವರು ಬಂದರು. ಜೊತೆಗೆ ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುವ ಅವರ ಪಕ್ಕದ ಮನೆಯಾಕೆ. ಒಬ್ಬರ ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ, ಇನ್ನೊಬ್ಬರ ಕೈಯಲ್ಲಿ ಸವಣೂರಿನ ಹೆಸರಾದ ಕುರುಕಲು ಖಾರದ ಪೊಟ್ಟಣ. ಕುಳಿತು ಉಸ್ಸೆನ್ನುವಷ್ಟರಲ್ಲಿ ಫೋನು ಕೂಗಿತು: “ನಿಮ್ಮ ವ್ಯಾಯಾಮದ ಸಮಯವಾಗಿದೆ.” ನಾನು ಸಂಕೋಚದಿಂದ ಅದರ ಬಾಯಿ ಮುಚ್ಚಿಸಹೋದರೆ ಅತ್ತೆ ತಡೆದರು.

“ಮಾಡವಾ, ಮಾಡು. ನನಗೂ ಎರಡೂ ಕೂಸು ಆಪರೇಶನ್‌ನ್ಯಾಗ ಆದಾವು. ಅವಾಗ ಹೊಟ್ಟಿ ಕೊಯ್ದ್ರು, ಹೊಲದ್ರು, ಕಳಿಸಿದ್ರು. ಹಿಂಗ ಮಾಡು ಅಂತ ಹೇಳಾಕ ಒಬ್ಬರೂ ಇರಲಿಲ್ಲ. ಅವತ್ತು ಹಿಡದ ಸೊಂಟ ಇನ್ನೂ ಬಿಟ್ಟಿಲ್ಲ.”

ಅತ್ತೆ ಇದನ್ನು ದೂರಾಗಿ ಹೇಳಲಿಲ್ಲ. ಮಳೆ-ಬಿಸಿಲಿನ ವರದಿಯಂತೆ ಹೇಳಿದರು. ನಾನು ಅವರ ಕೈ ಹಿಡಿದುಕೊಂಡೆ. ಖಾಲಾ ಎದ್ದು ಬಾಗಿಲ ಚಿಲಕ ಹಾಕಿದರು. “ಹಂಗಾದ್ರ ಈಗ ಕಲಿಯೂಣು ಬರ್ರಿ. ಕಲಿಯಾಕ ವಯಸ್ಸೇನು?”

ಜಮಖಾನದ ಮೇಲೆ ನಾವು ಮೂವರೂ ಸಾಲಾಗಿ ಮಲಗಿದೆವು. ಮೊಣಕಾಲು ಮಡಿಸಿ, ಸೊಂಟವನ್ನು ನೆಲಕ್ಕೊತ್ತಿ, ಉಸಿರು ಬಿಟ್ಟೆವು. ಹತ್ತನೆಯದಕ್ಕೆ ಅತ್ತೆ “ಆಹಾ, ಸೊಂಟಕ್ಕ ಹಿತ ಆತು ನೋಡು” ಎಂದು ಕಣ್ಣು ಮುಚ್ಚಿದರು. ಆಗ ಫೋನು ಅಕ್ಕರೆಯಿಂದ ನುಡಿಯಿತು: “ಇಂದಿಗೆ ಇಷ್ಟು ಸಾಕು ತಾಯಿ. ಇನ್ನು ನಿಮ್ಮ ಕಂದನಿಗೆ ಹಾಲುಣಿಸಿ.”

ಅತ್ತೆ ಕಣ್ಣು ತೆರೆಯದೆಯೇ ಉತ್ತರ ಕೊಟ್ಟರು: “ನನ್ನ ಕಂದ ಸವಣೂರಾಗ ಮೊಬೈಲ್ ರಿಪೇರಿ ಅಂಗಡಿ ತಗದು ಕುಂತೈತಿ. ಅದಕ್ಕ ಹಾಲು ಬ್ಯಾಡವಾ, ಈಗ ಚಾದ ಹೊತ್ತು.”

೪. ನಗುವ ಪರೀಕ್ಷೆ

ಭಾನುವಾರ ಬಂತೆಂದರೆ ಆ್ಯಪ್ ಒಂದು ಪ್ರಶ್ನೆ ಕೇಳುತ್ತಿತ್ತು: “ನಗುವಾಗ ನೋವಿದೆಯೇ?” ಮೊದಲ ವಾರಗಳಲ್ಲಿ ಹೌದೆಂದು ಒತ್ತಿದೆ. ನಾಲ್ಕನೆಯ ವಾರ ಕಷ್ಟಕ್ಕೆ ಬಂತು. ವಾರವಿಡೀ ಮನೆಯಲ್ಲಿ ಯಾರೂ ನಗಿಸಿರಲಿಲ್ಲವಾದ್ದರಿಂದ ನೋವಿದೆಯೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

“ಅದಕ್ಕೇನೀಗ, ನಕ್ಕು ನೋಡು” ಎಂದಳು ಅವ್ವ. ನನ್ನ ಹೊಟ್ಟೆಗೆ ದಿಂಬು ಕೊಟ್ಟು, ತಾನು ಎದುರಿಗೆ ಕುಳಿತು, ಪರೀಕ್ಷೆಯ ಮೇಲ್ವಿಚಾರಕಿಯಂತೆ ನನ್ನನ್ನೇ ನೋಡತೊಡಗಿದಳು. ನಗು ಬರಲಿಲ್ಲ.

“ನಾ ಹೇಳ್ಲೇನು?” ಎಂದರು ಬಾಗಿಲಲ್ಲಿದ್ದ ಅಪ್ಪ, ಆಸೆಗಣ್ಣಿನಿಂದ.

“ನೀವು ಬ್ಯಾಡ. ನೀವು ಹೇಳಿದ್ರ ಜಗ್ಗಿ ನಗ್ತಾಳ. ಸ್ವಲ್ಪ ನಗಬೇಕು. ನಾ ಹೇಳ್ತೇನಿ.” ಅವ್ವ ಗಂಟಲು ಸರಿಮಾಡಿಕೊಂಡಳು. “ಒಬ್ಬಾಕಿ ತನ್ನ ತಲಿಮ್ಯಾಲ ಇದ್ದ ಕನ್ನಡಕ ಊರೆಲ್ಲ ಹುಡಕಿದ್ಲು. ಎಲ್ಲಿಟ್ಟಿದ್ಲು ಹೇಳು?”

“ತಲಿಮ್ಯಾಲ.”

“ನಿನಗ ಮೊದಲ ಗೊತ್ತಿತ್ತೇನು?” ಎಂದು ಅವ್ವ ನಿಜವಾಗಿ ಬೇಸರಪಟ್ಟುಕೊಂಡಳು. ಮೂವತ್ತು ವರ್ಷ ನಗೆಗಾರನೊಂದಿಗೆ ಬಾಳ್ವೆ ಮಾಡಿ ಅವ್ವ ಇಷ್ಟನ್ನೇ ಕಲಿತಿದ್ದಳು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಎದುರುಮನೆಯ ಕಟ್ಟೆಯತ್ತ ಓಡಿದರು. ನಾನು ಫೋನಿನಲ್ಲಿ “ಗೊತ್ತಿಲ್ಲ” ಎಂಬುದನ್ನು ಒತ್ತಿದೆ.

೫. ಯಂತ್ರದ ಕರುಣೆ

ಅಪ್ಪ ಕಟ್ಟೆಯಿಂದ ಮರಳಿದಾಗಲೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ: “ಇವತ್ತಿನ ಟ್ರಿಪ್ ಆತೇನವಾ?” ಸೇವೆಯಲ್ಲಿ ಒಂದು ಟ್ರಿಪ್ಪನ್ನೂ ತಪ್ಪಿಸದ ಅವರಿಗೆ ನನ್ನ ಹಸಿರು ಚುಕ್ಕಿಗಳು ಊರೂರಿನ ನಿಲ್ದಾಣಗಳಂತೆ ಕಂಡಿರಬೇಕು.

ಐದನೆಯ ವಾರ ನನಗೆ ಜ್ವರ ಬಂತು. ಮೂರು ದಿನ ಫೋನನ್ನು ಮುಟ್ಟಲಿಲ್ಲ. ಅದು ಪಡಸಾಲೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ನಾಲ್ಕನೆಯ ದಿನ ಸರಪಳಿ ಕಡಿದಿರುತ್ತದೆಂದು ಅಳುಕುತ್ತ ತೆರೆದರೆ, ಮೂರೂ ದಿನಗಳಿಗೆ ಹಸಿರು ಚುಕ್ಕಿ! ಸವಣೂರಿಗೆ ಕರೆ ಮಾಡಿ ಗಂಡನನ್ನು ಕೇಳಿದೆ. ಅವರು ತಮ್ಮ ಕಸುಬಿನ ಗಾಂಭೀರ್ಯದಿಂದ ವಿವರಿಸಿದರು: “ಈಗಿನ ಆ್ಯಪ್‌ಗಳಿಗೆ ಎಲ್ಲಾ ತಿಳೀತದ. ಜ್ವರ ಬಂದದ್ದು ಗೊತ್ತಾಗಿ ರಜಾ ಕೊಟ್ಟಿರ್ತದ.”

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಯಂತ್ರದ ಎದೆಯಲ್ಲಿಯೂ ಮಾನವೀಯತೆಯ ಒರತೆಯುಂಟೆಂದು ದಿನಚರಿಯಲ್ಲಿ ಒಂದೂವರೆ ಪುಟ ಬರೆದೆ. ಆ ಪುಟಗಳನ್ನು ಈಗ ಯಾರಿಗೂ ತೋರಿಸುವುದಿಲ್ಲ.

೬. ಯಾರ ಹೊಟ್ಟೆ?

ಆರು ವಾರಗಳಾದ ಮೇಲೆ ಅಪ್ಪ, ಅವ್ವ, ಕೂಸು, ನಾನು ಮತ್ತು ದಿಂಬು ಹಾನಗಲ್ಲಿಗೆ ಹೋದೆವು. ಡಾಕ್ಟರು ಗಾಯವನ್ನು ನೋಡಿ ಚೆನ್ನಾಗಿ ಮಾದಿದೆಯೆಂದರು. ನಂತರ ವ್ಯಾಯಾಮದ ಮೇಡಂ ನನ್ನ ಫೋನು ಹಿಡಿದು ಗೆರೆಗಳನ್ನು ಒಂದೊಂದಾಗಿ ನೋಡತೊಡಗಿದರು. “ಛಲೋ ಐತ್ರಿ… ಇದೂ ಛಲೋ ಐತಿ…” ಎನ್ನುತ್ತಿದ್ದವರು ಥಟ್ಟನೆ ನಿಂತರು. ಅಲ್ಲಿಯವರೆಗೆ ಕೆರೆಯ ಅಲೆಯಂತಿದ್ದ ಗೆರೆ, ಮೂರು ದಿನ ಮಾತ್ರ ಗುಡ್ಡದ ಸಾಲಾಗಿತ್ತು.

“ಇದೇನ್ರಿ? ಹೊಟ್ಟಿ ಇಷ್ಟು ಎತ್ತರಕ್ಕ ಏಳಬಾರದಲ್ಲ. ಯಾವಾಗರ ನೋವಾಗಿತ್ತೇನು? ಏನರ ಭಾರ ಎತ್ತಿದ್ರೇನು?”

ಅವರ ದನಿಯಲ್ಲಿದ್ದ ಆತಂಕ ಕೇಳಿ ನಾನು ಬಾಗಿ ತಾರೀಖು ನೋಡಿದೆ. “ಆ ಮೂರೂ ದಿನ ನನಗ ಜ್ವರ ಇತ್ರಿ. ನಾ ಮಾಡೇ ಇಲ್ಲ” ಎಂದೆ. ಮೇಡಂ ಒಮ್ಮೆ ಗೆರೆಯನ್ನು, ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದರು. ಹಿಂದಿನ ಬೆಂಚಿನಿಂದ ಅಪ್ಪ ಎದ್ದು ನಿಂತರು. ಚೆಕ್ಕಿಂಗ್ ಇನ್‌ಸ್ಪೆಕ್ಟರ್ ಎದುರು ನಿಂತ ಕಂಡಕ್ಟರನ ನಿಲುವು.

“ಮೇಡಂ, ಅದು ನನ್ನ ಹೊಟ್ಟಿರಿ.”

ಅಪ್ಪ ಮುಂದುವರಿಸಿದರು: “ಇಕಿ ಜ್ವರ ಬಂದು ಮಲಗಿದ್ಲು. ಟ್ರಿಪ್ ತಪ್ಪಿದ್ರ ಹೊಟ್ಟಿ ಗಟ್ಟಿ ಆಗೂದು ತಡಾ ಆಕ್ಕೈತಿ, ಇಕಿ ನಗೂದು ತಡಾ ಆಕ್ಕೈತಿ ಅಂತ ನಾನ ಪಡಸಾಲ್ಯಾಗ ಮಲಗಿ, ಫೋನ್ ಹೊಟ್ಟಿ ಮ್ಯಾಲ ಇಟಗೊಂಡು ಮಾಡೇನ್ರಿ. ಎರಡೂ ಹೊತ್ತು.”

“ನಾ ಬಾಗಲಾ ಕಾಯ್ದೇನ್ರಿ” ಎಂದು ಅವ್ವನೂ ತಪ್ಪೊಪ್ಪಿಕೊಂಡಳು.

ನನ್ನ ಕಣ್ಣು ತುಂಬಿತು. ಯಂತ್ರದ ಕರುಣೆಯೆಂದು ನಾನು ಒಂದೂವರೆ ಪುಟ ಹೊಗಳಿದ್ದುದು ಟವೆಲ್ ಹೊದ್ದು ಇಲ್ಲಿ ನಿಂತಿತ್ತು. ಮೇಡಂ ತುಟಿ ಕಚ್ಚಿ ಹಿಡಿದು ಹೇಳಿದರು: “ಯಜಮಾನರ, ಜ್ವರ ಬಂದಾಗ ಬಿಡಬೇಕ್ರಿ. ಸರಪಳಿ ಕಡದ್ರ ಏನೂ ಆಗಂಗಿಲ್ಲ. ಮತ್ತ ಈ ಫೋನ್ ನಿಮಗೇನಂತ ಬರದೈತಿ ಓದೀರೇನು?” ಅವರು ಗಟ್ಟಿಯಾಗಿ ಓದಿದರು: “ಅಭಿನಂದನೆಗಳು ತಾಯಿ! ನಿಮ್ಮ ಗರ್ಭಕೋಶ ಚೆನ್ನಾಗಿ ಚೇತರಿಸಿಕೊಳ್ಳುತ್ತಿದೆ.”

ಅಪ್ಪ ವಿನಯದಿಂದ ಕೈಮುಗಿದರು. “ಎಲ್ಲಾ ನಿಮ್ಮ ಆಶೀರ್ವಾದರಿ.”

ಮೊದಲು ನಕ್ಕವರು ಮೇಡಂ. ಆಮೇಲೆ ಬಾಗಿಲಲ್ಲಿದ್ದ ನರ್ಸ್. ಆಮೇಲೆ ನಾನು, ಆರು ವಾರಗಳ ಬಾಕಿಯನ್ನೆಲ್ಲ ಒಮ್ಮೆಗೇ ತೀರಿಸುವಂತೆ, ಕುರ್ಚಿಯ ಕೈ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಗು ಇಳಿಯುವಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡೆ. ಅಲ್ಲಿ ದಿಂಬು ಇರಲಿಲ್ಲ. ನೋವೂ ಇರಲಿಲ್ಲ. ದಿಂಬು ಅವ್ವನ ಹೊಟ್ಟೆಯ ಮೇಲಿತ್ತು; ಅದನ್ನು ಎರಡೂ ಕೈಯಿಂದ ಅವುಚಿಕೊಂಡು ಅವಳು ಗೋಡೆಗೆ ಒರಗಿ ನಗುತ್ತಿದ್ದಳು. ಮೇಡಂ ಫೋನನ್ನು ನನ್ನ ಮುಂದೆ ಹಿಡಿದರು. “ನಗುವಾಗ ನೋವಿದೆಯೇ?” ಎಂಬಲ್ಲಿ ನಾನು “ಇಲ್ಲ” ಎಂದು ಒತ್ತಿದೆ.

ಮರಳುವ ಬಸ್ಸಿನಲ್ಲಿ ಅಪ್ಪ ಅಪ್ಪಣೆಗೆ ಕಾದವರಂತೆ ಕುಳಿತಿದ್ದರು. ಕೂಸು ನನ್ನ ಮಡಿಲಲ್ಲಿ ನಿದ್ದೆಹೋಗಿತ್ತು. ಹಾನಗಲ್ ದಾಟುತ್ತಿದ್ದಂತೆ ಅವ್ವ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು: “ಹೇಳ್ರಿ ಇನ್ನ. ಆ ಹುಂಜ ಎಷ್ಟು ದಿನ ಅಂತ ಬಂಕಾಪುರದಾಗ ನಿಂದ್ರಬೇಕು?”

ಅಪ್ಪ ಚಂಗನೆ ಎದ್ದು, ಮೇಲಿನ ಕಂಬಿ ಹಿಡಿದು, ನಮ್ಮತ್ತ ತಿರುಗಿ ನಿಂತರು.

“ಬದನಿಕಾಯಿ ಕೊಕ್ಕೊಕ್ಕೋ ಅಂತ ಕೂಗಿತಲ್ಲ, ಇಡೀ ಬಸ್ಸು ಅಜ್ಜನ್ನ ನೋಡಿತು. ನಾನೂ ನೋಡಿದೆ. ಅಜ್ಜ ಸಾವಕಾಶ ಚೀಲದ ಬಾಯಿ ಬಿಚ್ಚಿದ. ಒಳಗ ಮಾರಿ ಹಾಕಿ ಹುಂಜಕ್ಕ ಬೈದ: ‘ಸುಮ್ನ ಕುಂದ್ರಲೇ! ನಿನ್ನ ಬದನಿಕಾಯಿ ಅಂತ ಹೇಳೇನಿ ನಾ!’”