ರಾಟೊಮಿರನ ಅದೃಶ್ಯ ಲೇಬಲ್ಲು

ಕ್ರುಶೆವಾಟ್ಸ್ ಪಟ್ಟಣದ ರಾಟೊಮಿರನ ಮನೆಯಲ್ಲಿ ಇರುವ ಕುರ್ಚಿಗಳು ಹನ್ನೆರಡು. ಮನೆದೇವರ ಹಬ್ಬವಾದ ಸ್ಲಾವಕ್ಕೆ ಬರುವ ನೆಂಟರಿಷ್ಟರು ಮೂವತ್ತನಾಲ್ಕು. ಅವರಾದರೂ ಒಬ್ಬರ ಹಿಂದೆ ಒಬ್ಬರು ಬರುತ್ತಾರೆಯೇ ಎಂದರೆ ಅದೂ ಇಲ್ಲ; ಸಂಜೆ ಐದಕ್ಕೆ, ತೂಬು ತೆಗೆದ ಕೆರೆಯಂತೆ, ಎಲ್ಲರೂ ಒಟ್ಟಿಗೆ. ಆ ದಿನ ಮನೆಯ ಯಜಮಾನ ಕೂರಬಾರದು, ನಿಂತೇ ಬಡಿಸಬೇಕು ಎಂಬುದು ಹಿರಿಯರು ಮಾಡಿಟ್ಟ ಕಟ್ಟಳೆ. ಹೋದ ವರ್ಷ ರಾಟೊಮಿರ್ ನಿಲ್ಲುವುದಕ್ಕೂ ಜಾಗ ಸಿಗದೆ, ಬಚ್ಚಲ ಬಾಗಿಲಿಗೆ ಒರಗಿ, ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಸ್ವಾಗತ ಹೇಳುತ್ತ ಹಬ್ಬ ಮುಗಿಸಿದ್ದ.

ಈ ಸಲ ಅವನು ಬೇರೆ ಮನುಷ್ಯನಾಗಿದ್ದ. ಅವನು ಟೈರು ಗೋದಾಮಿನ ಗುಮಾಸ್ತ. ಅಕ್ಟೋಬರಿನಲ್ಲಿ ಕಂಪನಿಯವರು ಎರಡು ದಿನ ಕೂರಿಸಿ, ಕೋಡು ಬರೆಯಲು ಬಾರದವರೂ ಆಪ್ ಕಟ್ಟುವುದು ಹೇಗೆಂದು ಕಲಿಸಿದ್ದರು. ಪರದೆಯ ಮೇಲೆ ಗುಂಡಿ ಎಳೆದು ತಂದಿಡುವುದು, ಚಿತ್ರ ಎಳೆದು ತಂದಿಡುವುದು, ಬರಹ ಬೇಕಾದ ಕಡೆ ಒಂದು ಲೇಬಲ್ಲು ಎಳೆದು ತಂದಿಡುವುದು. ಲೇಬಲ್ಲಿಗೆ ನಾವೇ ಬರೆದು ಕೊಡಬಹುದು, ಇಲ್ಲವೇ ಪಟ್ಟಿಯಿಂದ ತಾನೇ ಓದಿ ತೋರಿಸು ಎಂದು ಹೇಳಬಹುದು. ರಾಟೊಮಿರನಿಗೆ ಇದರಷ್ಟು ಹಿಡಿಸಿದ್ದು ಪ್ರಪಂಚದಲ್ಲಿ ಬೇರೆ ಇರಲಿಲ್ಲ. ಹೇಳಿದ್ದನ್ನು ಹೇಳಿದ ಜಾಗದಲ್ಲಿ, ಹೇಳಿದ ಬಣ್ಣದಲ್ಲಿ, ಎದುರು ಮಾತಾಡದೆ ತೋರಿಸುವ ಜೀವಿಯನ್ನು ಅವನು ಮದುವೆಯಾದ ಮೇಲೆ ಕಂಡಿರಲಿಲ್ಲ.

"ಅತಿಥಿಗಳಿಗೊಂದು ಆಪ್ ಮಾಡ್ತೀನಿ," ಎಂದ ಹೆಂಡತಿಗೆ. "ಅವರವರ ಫೋನಿನಲ್ಲಿ ಅವರವರ ಹೆಸರು, ಬರೋ ಹೊತ್ತು, ಕೂರೋ ಕುರ್ಚಿ."

ಡುಬ್ರಾವ್ಕಾ ಕೋಸಿನೆಲೆಯಲ್ಲಿ ಮಾಂಸದ ಹೂರಣ ಸುತ್ತುತ್ತಿದ್ದಳು. "ಸ್ಲಾವಕ್ಕೆ ಯಾರನ್ನೂ ಕರೆಯೋ ಪದ್ಧತಿ ಇಲ್ಲ ರಾಟೊ. ನೆನಪಿದ್ದವರು ಬರ್ತಾರೆ."

"ನಾನೆಲ್ಲಿ ಕರೀತಿದ್ದೀನಿ? ಹೊತ್ತು ತಿಳಿಸ್ತಿದ್ದೀನಿ."

"ನಮ್ಮಮ್ಮನಿಗೂ ಹೊತ್ತು ತಿಳಿಸ್ತೀಯಾ?"

"ನಿಮ್ಮಮ್ಮನಿಗೇ ಮೊದಲು."

"ಒಳ್ಳೇದು," ಎಂದಳು ಡುಬ್ರಾವ್ಕಾ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು 'ಒಳ್ಳೇದು' ಎಂದಾಗಲೆಲ್ಲ ಏನಾಗಿದೆ ಎಂಬುದನ್ನು ರಾಟೊಮಿರ್ ನೆನಪು ಮಾಡಿಕೊಳ್ಳಬಹುದಿತ್ತು. ಮಾಡಿಕೊಳ್ಳಲಿಲ್ಲ.

ಪಟ್ಟಿ ತಯಾರಾಯಿತು. ಯಾರನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು ತನ್ನ ಅನುಕೂಲಕ್ಕೆಂದು ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಟಿಪ್ಪಣಿಯನ್ನೂ ಬರೆದುಕೊಂಡ. ತನ್ನ ಮದುವೆಗೆ ಸಾಕ್ಷಿ ನಿಂತ ಗೆಳೆಯ ಸ್ರೆಟೆನನ ಮುಂದೆ: 'ಐದನೇ ಲೋಟದ ನಂತರ ಅಳುತ್ತಾನೆ. ಗೋಡೆ ಪಕ್ಕ.' ಅತ್ತೆ ಮಿಲುಂಕಾರ ಮುಂದೆ: 'ಮೊದಲು ಬಂದು ಮೂರನೇ ದಿನ ಹೋಗುತ್ತಾರೆ. ಗಟ್ಟಿ ಕುರ್ಚಿ. ಕಿಟಕಿ ಪರದೆಯ ಧೂಳು ಕಾಣದ ಕಡೆ.' ಟಿಪ್ಪಣಿ ಕಣ್ಣೆದುರಿಗೇ ಇರಲೆಂದು ಅದಕ್ಕೂ ಒಂದು ಲೇಬಲ್ಲು ಕೊಟ್ಟ.

ಕೆಲಸ ಮುಗಿದ ಮೇಲೆ ಆ ಲೇಬಲ್ಲನ್ನು ಅಳಿಸಲು ಹೋದರೆ, ಪಕ್ಕದ ಲೇಬಲ್ಲುಗಳೆಲ್ಲ ಕೆಂಪಾಗಿ ಕೂಗಿಕೊಂಡವು. ಕುರ್ಚಿಯ ಲೆಕ್ಕವೆಲ್ಲ ಆ ಟಿಪ್ಪಣಿಯನ್ನೇ ನಂಬಿ ನಿಂತಿತ್ತು. ಲೇಬಲ್ಲನ್ನು ಇದ್ದ ಹಾಗೇ ಇಟ್ಟು ಮರೆಮಾಡುವ ಗುರುತೊಂದಿದೆ. ಅದನ್ನು ತರಬೇತಿಯ ಎರಡನೇ ದಿನ ಬೆಳಿಗ್ಗೆ ಹೇಳಿಕೊಟ್ಟಿದ್ದರು. (ಆ ಹೊತ್ತಿನಲ್ಲಿ ರಾಟೊಮಿರ್ ಎದುರಿನ ಬೇಕರಿಯಲ್ಲಿ, ಗಿಣ್ಣು ತುಂಬಿದ ಬುರೆಕ್ಕಿನ ಮುಂದೆ ಸರದಿಯಲ್ಲಿದ್ದ.) ಆದರೆ ಬುದ್ಧಿವಂತನಿಗೆ ದಾರಿ ನೂರು. ಹಿನ್ನೆಲೆ ಬಿಳಿಯಾಗಿತ್ತು, ಟಿಪ್ಪಣಿಯ ಅಕ್ಷರಕ್ಕೂ ಬಿಳಿ ಬಳಿದ. ಟಿಪ್ಪಣಿ ಮಾಯವಾಯಿತು. ಮೂವತ್ತನಾಲ್ಕು ಜನಕ್ಕೂ ಕಳಿಸಿ, ದ್ರಾಕ್ಷಿ ಸಾರಾಯಿ ರಕಿಯಾ ಒಂದು ಗುಟುಕು ಕುಡಿದು, ಜಗತ್ತನ್ನು ಕರುಣೆಯಿಂದ ನೋಡಿದ.

ಹಬ್ಬದ ದಿನ ಬೆಳಿಗ್ಗೆಯಿಂದ ಅವನಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಯಾರೂ ಉತ್ತರ ಕೊಟ್ಟಿರಲಿಲ್ಲ. ಫೋನು ತೆಗೆದ, ಇಟ್ಟ, ಕಿಟಕಿಗೆ ಹೋದ, ಕುರ್ಚಿಗಳನ್ನು ಸರಿಸಿದ, ಸರಿಸಿದ್ದನ್ನು ಮತ್ತೆ ಸರಿಸಿದ. "ಒಂದು ಕಡೆ ಬಿದ್ದಿರು, ಇಲ್ಲ ಈರುಳ್ಳಿ ಹೆಚ್ಚು," ಎಂದಳು ಡುಬ್ರಾವ್ಕಾ.

ಹನ್ನೊಂದಕ್ಕೆ ಸ್ರೆಟೆನನ ಫೋನು ಬಂತು.

"ಏನಯ್ಯಾ, ಐದನೇ ಲೋಟಕ್ಕೆ ಅಳ್ತೀನಾ ನಾನು?"

"ಯಾರು ಹೇಳಿದ್ದು?"

"ನಿನ್ನ ಆಪ್ ಹೇಳ್ತಿದೆ. ನನ್ನ ಫೋನು ಕಪ್ಪು ಪರದೆ ಕಣಯ್ಯಾ. ಕಪ್ಪಿನ ಮೇಲೆ ಬಿಳಿ ಅಕ್ಷರ, ಸಿನಿಮಾ ಬೋರ್ಡಿನ ಹಾಗೆ ಬಂದಿದೆ. ಐದು ಅಂತ ಹೇಗೆ ಬರೆದೆ? ಆರು."

ಕಪ್ಪು ಪರದೆಯ ವಿಷಯವೇ ಅವನ ತಲೆಗೆ ಬಂದಿರಲಿಲ್ಲ. ಫೋನಿಗೆ ಕಪ್ಪು ಬಟ್ಟೆ ಉಡಿಸಿದರೆ ಆಪಿನ ಹಿನ್ನೆಲೆಯೂ ತಾನಾಗಿ ಕಪ್ಪಾಗುತ್ತದೆ. ಅಕ್ಷರ ಮಾತ್ರ ಅವನು ಬಳಿದ ಬಿಳಿಯಲ್ಲೇ ನಿಷ್ಠೆಯಿಂದ ಉಳಿಯುತ್ತದೆ. ಇನ್ನು ಯಾರ್‍ಯಾರ ಫೋನು ಕಪ್ಪು ಎಂದು ಬೆರಳು ಮಡಿಸಿ ಎಣಿಸುತ್ತ ಅಡಿಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡಿಗೆಮನೆಗೆ ತಿರುಗಿದ. ನಾಲ್ಕನೇ ಸುತ್ತಿನಲ್ಲಿ ಅವನ ಕಾಲು ಗಕ್ಕನೆ ನಿಂತಿತು. ಬೇಸಿಗೆಯಲ್ಲಿ ಅತ್ತೆಗೆ ಕಣ್ಣಿನ ಪೊರೆ ತೆಗೆದಿದ್ದರು. ಬಿಳಿ ಬೆಳಕು ಚುಚ್ಚುತ್ತದೆಂದು ಅವರ ಫೋನನ್ನು ಕಪ್ಪು ಮಾಡಿಕೊಟ್ಟವನು, ಬೇರೆ ಯಾರೂ ಅಲ್ಲ, ಅವನೇ.

ಅಷ್ಟರಲ್ಲಿ ಡುಬ್ರಾವ್ಕಾ ಫೋನು ಹಿಡಿದು ಬಂದಳು. "ಅಮ್ಮನಿಗೆ ಮೈ ಸರಿಯಿಲ್ಲವಂತೆ, ಬರೋದಿಲ್ಲವಂತೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲಾನೂ ತಪ್ಪಿಸಿಲ್ಲ. ಏನು ಮಾಡಿದೆ?"

"ನಾನೇನು ಮಾಡ್ಲಿ?"

ಅವಳು ಕೈ ಚಾಚಿ ಅವನ ಫೋನು ತೆಗೆದುಕೊಂಡಳು, ಪಟ್ಟಿ ತೆರೆದಳು, ಓದಿದಳು. ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹೋದ ವರ್ಷ ನನಗೆ ಜ್ವರ ಬಂದಿತ್ತು," ಎಂದಳು. "ಅಮ್ಮ ಮೂರು ದಿನ ನಿಂತು ಮೂವತ್ತನಾಲ್ಕು ಜನರ ಪಾತ್ರೆ ತೊಳೆದಳು. ಹೋಗಿ ಕರ್ಕೊಂಡು ಬಾ. ಅಮ್ಮ ಬರದೆ ಹಬ್ಬದ ರೊಟ್ಟಿ ಮುರಿಯೋದಿಲ್ಲ. ರೊಟ್ಟಿ ಇರೋದೂ ಅಮ್ಮನ ಹತ್ರಾನೇ."

ಮನೆಯ ಚಪ್ಪಲಿಯಲ್ಲೇ ರಾಟೊಮಿರ್ ಮೂರು ಬೀದಿ ನಡೆದ. ದಾರಿಯುದ್ದಕ್ಕೂ ಕ್ಷಮೆಯ ಮಾತು ಹೊಸೆದ. ಕಂಪ್ಯೂಟರಿನ ತಪ್ಪು ಎನ್ನಬಹುದು. ಬೇರೆ ಯಾರೋ ಮಿಲುಂಕಾ ಎನ್ನಬಹುದು. ಬಾಗಿಲು ತೆರೆಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಅತ್ತೆ ಮೈ ಸರಿಯಿಲ್ಲದವರಂತೆ ಕಾಣಲಿಲ್ಲ. ಕಪ್ಪು ರೇಷ್ಮೆಯ ಹಬ್ಬದ ಉಡುಪು, ಕಿವಿಗೆ ಓಲೆ. ಮೇಜಿನ ಮೇಲೆ ರೊಟ್ಟಿ, ಹಿಟ್ಟಿನ ಹೂವು, ಹಿಟ್ಟಿನ ದ್ರಾಕ್ಷಿಗೊಂಚಲುಗಳ ಸಮೇತ, ಬಿಳಿ ಬಟ್ಟೆ ಹೊದ್ದು ಕೂತಿತ್ತು.

"ಅತ್ತೆ, ತಪ್ಪಾಯ್ತು. ನಾನೇ ಬರೆದದ್ದು," ಎಂದ. ತಾನು ನಿಜ ಹೇಳಿದ್ದು ಕೇಳಿ ಅವನಿಗೇ ಆಶ್ಚರ್ಯವಾಯಿತು. "ಪಾತ್ರೆ ತೊಳೆದದ್ದು ನನಗೆ ನೆನಪಿರಲಿಲ್ಲ."

"ಪಾತ್ರೆ ಯಾಕೆ ನೆನಪಿರುತ್ತೆ ಅಳಿಯಾ, ನೀನೇನು ತೊಳೆದಿದ್ದೀಯಾ?" ಮಿಲುಂಕಾ ಕುರ್ಚಿ ತೋರಿಸಿದರು. "ಕೂತ್ಕೋ. ನಿನ್ನೆ ಓದಿ ಅತ್ತುಬಿಟ್ಟೆ. ಇವತ್ತು ಬೆಳಿಗ್ಗೆ ಇನ್ನೊಂದು ಸಲ ಓದಿದೆ. ನಮ್ಮ ಡುಬ್ರಾವ್ಕಾ ಮದುವೆಯಾದವನು ಏನನ್ನೂ ಗಮನಿಸೋದೇ ಇಲ್ಲ ಅಂದ್ಕೊಂಡಿದ್ದೆ. ಧೂಳು ನಾನು ನೋಡ್ತೀನಿ ಅನ್ನೋದನ್ನೂ ನೀನು ನೋಡಿದ್ದೀಯ."

ರಾಟೊಮಿರ್ ಚಪ್ಪಲಿಯ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ಬರ್ತೀನಿ. ಆದರೆ ಒಂದು ಕೆಲಸ ಆಗಬೇಕು. ವಸಂತದಲ್ಲಿ ನಮ್ಮ ಪಿಂಚಣಿದಾರರ ಸಂಘದ ಹೆಂಗಸರೆಲ್ಲ ಬಸ್ಸಿನಲ್ಲಿ ಮಠಗಳಿಗೆ ಹೋಗ್ತೀವಿ. ಯಾರ ಪಕ್ಕ ಯಾರು ಅಂತ ಪ್ರತಿ ವರ್ಷ ಜಗಳ. ನನಗೂ ಇಂಥದ್ದೇ ಒಂದು ಮಾಡಿಕೊಡು. ಒಬ್ಬೊಬ್ಬಳ ವಿಷಯ ನಾನು ಹೇಳ್ತೀನಿ, ನೀನು ಬರ್ಕೋ."

"ಆಗಲಿ ಅತ್ತೆ," ಎಂದ ರಾಟೊಮಿರ್. ಅಷ್ಟು ಸುಲಭವಾಗಿ ಬಿಡುಗಡೆ ಸಿಕ್ಕಿದ್ದಕ್ಕೆ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲನ್ನು ಹಾರುತ್ತ ಇಳಿದ.

ಸಂಜೆ ಐದಕ್ಕೆ ಮೂವತ್ತನಾಲ್ಕು ಜನವೂ ಒಟ್ಟಿಗೆ ಬಂದರು. ಕೊಟ್ಟ ಹೊತ್ತಿಗೆ ಬರಲು ಅವರೇನು ರೈಲೇ? ಬಿಳಿ ಫೋನಿನವರು ಕಪ್ಪು ಫೋನಿನವರಿಂದ ಪರದೆ ಕಪ್ಪು ಮಾಡುವುದನ್ನು ಕಲಿತು ತಮ್ಮ ತಮ್ಮ ಟಿಪ್ಪಣಿ ಓದಿಕೊಂಡರು, ಆಮೇಲೆ ಫೋನು ಇಸಿದುಕೊಂಡು ಇನ್ನೊಬ್ಬರದನ್ನು. ಹಾಗೆ ನಕ್ಕ ಹಬ್ಬ ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ. ಸ್ರೆಟೆನ್ ಆರನೇ ಲೋಟಕ್ಕೆ ಅತ್ತ.

ಡಿಸೆಂಬರ್ ಬಂತು. ಮಿಲುಂಕಾ ತಮ್ಮ ದಿಂಬು, ಚಳಿಯ ಕೋಟು, ಸಂಘದ ಸದಸ್ಯರ ಪಟ್ಟಿ ಸಮೇತ ಮಗಳ ಮನೆಗೆ ಬಂದು ಎರಡು ವಾರವಾಗಿತ್ತು. ರಾಟೊಮಿರ್ ಆಫೀಸಿನಿಂದ ಬಂದು ಬೂಟು ಬಿಚ್ಚುವ ಮೊದಲೇ ಅತ್ತೆ ಕನ್ನಡಕ ಏರಿಸಿ ಕೂತಿರುತ್ತಿದ್ದರು. ಅವರಿಗೆ ಒಂದೊಂದು ಸಾಲಿನ ಟಿಪ್ಪಣಿ ಒಗ್ಗುತ್ತಿರಲಿಲ್ಲ. ಒಬ್ಬಳ ಸ್ವಭಾವ ಹೇಳಬೇಕಾದರೆ ಅವಳ ತಾಯಿಯ ಸ್ವಭಾವ ಹೇಳಬೇಕು. ಅದಕ್ಕೆ ಸಾವಿರದ ಒಂಬೈನೂರ ಅರವತ್ತೆಂಟರ ಒಂದು ಮದುವೆಯ ಕಥೆ ಹೇಳಬೇಕು. ಲೇಬಲ್ಲು ಪರದೆಯ ಬುಡ ಮುಟ್ಟಿ ಆಚೆ ಇಳಿದಿತ್ತು.

"ಅತ್ತೆ, ಬಸ್ಸಿನಲ್ಲಿ ಒಟ್ಟು ಎಷ್ಟು ಜನ?" ಎಂದು ಕೇಳಿದ ರಾಟೊಮಿರ್, ಬೆರಳು ನೀವಿಕೊಳ್ಳುತ್ತ.

"ಐವತ್ತೆರಡು."

"ನಾವೀಗ ಎಲ್ಲಿದ್ದೀವಿ?"

ಮಿಲುಂಕಾ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದರು. "ಇನ್ನೂ 'ಅ' ಅಕ್ಷರದಲ್ಲೇ ಇದ್ದೀವಿ ಅಳಿಯಾ. ಬರ್ಕೋ."